ಮೂರನೇ ಕಡ್ಡಿಯೂ ಎಡಗಡೆಯದೇ

600 ಕಿ.ಮೀ. ಸೈಕಲ್ ಸವಾರಿಗೆ ಇನ್ನು ಹನ್ನೆರಡು ದಿನ. 200, 300, 400 ಮುಗಿದಿವೆ, ಇದೊಂದಾದರೆ, ನಾಲ್ಕೂ ಮುಗಿಸಿದವರಿಗೆ ಸಿಗುವ 'ಸೂಪರ್ ರಾಂಡನಿಯರ್' ಬಿರುದು, ಅಂದರೆ ಈ ಸೀಸನ್ನಿನ ಎಸ್‌ಆರ್ ಆಯಿತು. ಆದರೆ ಕಳೆದ ತಿಂಗಳು ನಂಜನಗೂಡು ದಾಟಿ ಗುಂಡ್ಲುಪೇಟೆ ಕಡೆ ಹೋಗುವಾಗ ಹಿಂದಿನ ಚಕ್ರದಲ್ಲಿ 'ಟಿಂಗ್' ಅಂತು, ಆಮೇಲೆ ರಿಮ್ ಬ್ರೇಕಿಗೆ ಸವರುವ ಚರ್ ಚರ್. ಆರು ತಿಂಗಳಲ್ಲಿ ಮುರಿದ ಮೂರನೇ ಕಡ್ಡಿ (ಸ್ಪೋಕ್). 600ಕ್ಕೆ ಕೊಡುವುದೇ 40 ಗಂಟೆ, ನಿದ್ದೆ ಊಟ ಎಲ್ಲ ಅದರಲ್ಲೇ, ಕಡ್ಡಿ ಹಾಕೋಕೆ ಅಂತ ಬೇರೆ ಟೈಮ್ ಯಾರೂ ಕೊಡಲ್ಲ.

ಮೊದಲೆರಡು ಸಲ ಬೈದದ್ದು ನನ್ನ ಹೊಟ್ಟೆಗೆ, ಆಮೇಲೆ ಸೀಟಿನ ಹಿಂದಿನ ಬ್ಯಾಗಿಗೆ. ಅಂಗಡಿಯವರು ಒಂದು ಕಡ್ಡಿ ಹಾಕಿ, ಅಕ್ಕಪಕ್ಕದ ಎರಡನ್ನು ತಿರುವಿ, ಬೆಂಡ್ ತೆಗೆದು ಕೊಟ್ಟರು. ಈ ಸಲ ಮುರಿದ ಮೂರನ್ನೂ ಸಾಲಾಗಿ ಇಟ್ಟು ನೋಡಿದೆ (ಹೌದು, ಎತ್ತಿಟ್ಟಿದ್ದೆ, ನಗಬೇಡಿ). ಮೂರೂ ಹಬ್ (ಚಕ್ರದ ನಡುಭಾಗ) ಹತ್ತಿರ ಬಗ್ಗಿದ ಜಾಗದಲ್ಲೇ ಮುರಿದಿವೆ. ಮೂರೂ ಎಡಗಡೆಯವು! ಬಿಗಿ ಜಾಸ್ತಿ ಇರುವುದು ಬಲಗಡೆ, ಕ್ಯಾಸೆಟ್ (ಗೇರಿನ ಹಲ್ಲುಚಕ್ರಗಳ ಗುಚ್ಛ) ಪಕ್ಕ. ಮುರಿಯುವುದು ಮಾತ್ರ ಸಡಿಲ ಇರುವವು.

ತಂತಿಯನ್ನು ಕೈಯಲ್ಲಿ ಮುರಿಯಬೇಕಾದರೆ ಎಳೆಯುತ್ತೇವಾ? ಇಲ್ಲ, ಆ ಕಡೆ ಈ ಕಡೆ ಬಗ್ಗಿಸುತ್ತೇವೆ. ಇಲ್ಲೂ ಅದೇ ಕಥೆ. ಪ್ರತಿ ಸುತ್ತಿಗೂ ಕೆಳಗೆ ಬಂದ ಕಡ್ಡಿ ಸಡಿಲವಾಗಿ ಮತ್ತೆ ಬಿಗಿಯುತ್ತದೆ, ಎಡಗಡೆ ಮೊದಲೇ ಬಿಗಿ ಕಡಿಮೆಯಾದ್ದರಿಂದ ಬುಡದಲ್ಲಿ ಅಲ್ಲಾಡುತ್ತದೆ. ಸುತ್ತಿಗೆ 2.1 ಮೀಟರ್ ಅಂದರೂ 600 ಕಿ.ಮೀ.ಗೆ 2.8 ಲಕ್ಷಕ್ಕೂ ಹೆಚ್ಚು ಸಲ.

ಎಡಗಡೆಯ 16ನ್ನೂ ಬದಲಾಯಿಸೋಣ ಅಂತ ನಡುವೆ ತೆಳ್ಳಗಿರುವ 2.0/1.8 ಮಿ.ಮೀ. ದಪ್ಪದ ಕಡ್ಡಿ ತರಿಸಿದೆ. ಅವು ಅದೇ ಬಿಗಿಗೆ ಜಾಸ್ತಿ ಹಿಗ್ಗುತ್ತವೆ, ಬೇಗ ಸಡಿಲ ಬೀಳಲ್ಲ. ಡಬ್ಬದ ಮೇಲೆ ಉದ್ದ 294 ಮಿ.ಮೀ., ಒಳಗೆ ಐದು 292. ಫೋನ್ ಮಾಡಿದರೆ "ಎರಡು ಮಿಲಿ ಅಲ್ವಾ ಸಾರ್, ಅಡ್ಜಸ್ಟ್ ಆಗುತ್ತೆ." ವಾಪಸ್ಸೂ ತಗೊಳ್ಳಲ್ಲವಂತೆ. ಇನ್ನೊಂದು ಕಡೆಯಿಂದ ಐದು ಬರುವಷ್ಟರಲ್ಲಿ ಎಂಟು ದಿನ ಹೋಯಿತು.

ಆ ಎಂಟು ದಿನ ಸುಮ್ನೆ ಕೂರಲಿಲ್ಲ, ಚಕ್ರ ತಿರುಗಿದಂತೆ ದೀಪಕ್ಕೆ ಕರೆಂಟ್ ಕೊಡುವ ಡೈನಮೋ ಹಬ್ ಹುಡುಕಿದೆ. 6 ವೋಲ್ಟ್, 3 ವಾಟ್, ರಾತ್ರಿಯಿಡೀ ಚಾರ್ಜಿನ ಚಿಂತೆ ಇಲ್ಲ. 2027ರಲ್ಲಿ ಫ್ರಾನ್ಸಿನಲ್ಲಿ ನಡೆಯುವ ದೂರದ ಸೈಕಲ್ ಸವಾರಿ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗೆ ಅಂತ ಒಂದು ಮುಂಚಕ್ರ ಕಟ್ಟಬೇಕು. ರಿಮ್ ಆಗಲೇ ಮಂಚದ ಕೆಳಗಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ.

ಇರಲಿ. ಬಿಗಿ ಅಳೆಯುವ ಟೆನ್ಷನ್ ಮೀಟರ್ ಇಲ್ಲ, ಕಡ್ಡಿ ಮೀಟಿ ಸದ್ದು ಕೇಳಿಯೇ ನೋಡಿದೆ. ಎಡಗಡೆ ಒಂದನ್ನೇ ಬಿಗಿದರೆ ರಿಮ್ ಆ ಕಡೆಗೆ ಸರಿಯುತ್ತದೆ, ಆದ್ದರಿಂದ ಮೊದಲು ಬಲಗಡೆ ಬಿಗಿ ಏರಿಸಿ, ಆಮೇಲೆ ಎಡಗಡೆ, ಕಾಲು ಕಾಲು ಸುತ್ತು, ಫೋನಿನಲ್ಲಿ ಶ್ರುತಿ ನೋಡುತ್ತಾ. ರಾತ್ರಿ ಹನ್ನೊಂದಕ್ಕೆ ಅಮ್ಮ ಬಂದು "ಇದೇನೋ, ರಿಪೇರಿನೋ ಕಛೇರಿನೋ?" ಅಂದರು.

ಭಾನುವಾರ ಗುಂಡ್ಲುಪೇಟೆಗೆ ಹೋಗಿ ಬಂದೆ, 120 ಕಿ.ಮೀ. ರಿಮ್ ಕೂದಲಷ್ಟೂ ಅಲ್ಲಾಡಿಲ್ಲ. ಆ ಐದು 292 ಇವೆಯಲ್ಲ, ಬಲಗಡೆಗೆ ಬೇಕಾದ ಅಳತೆ ಸರಿಯಾಗಿ ಅದೇ! ಎರಡನ್ನು ಫ್ರೇಮಿಗೆ ಟೇಪ್ ಸುತ್ತಿ ಇಟ್ಟಿದ್ದೇನೆ. ಅವನ್ನು ಹಾಕಬೇಕಾದರೆ ಕ್ಯಾಸೆಟ್ ಬಿಚ್ಚುವ ಟೂಲನ್ನೂ ಹೊರಬೇಕು ಅನ್ನೋದು ಬೇರೆ ಮಾತು.