ಕಮೊಡೋರ್ 64ಕ್ಕೆ ವೈಫೈ ಕೊಟ್ಟಿದ್ದು, ಅದಕ್ಕೂ ಮೊದಲು ಒಂದು ಚಿಪ್ ಸುಟ್ಟಿದ್ದು

ಚಿಕ್ಕಮ್ಮನ ಮಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಮನೆ ಖಾಲಿ ಮಾಡುವಾಗ ಫೋನ್ ಮಾಡಿದ್ದ. "ಅಟ್ಟದಲ್ಲಿ ಒಂದು ಹಳೇ ಕಂಪ್ಯೂಟರ್ ಸಿಕ್ತು ಕಣೋ, ನಿಂಗೆ ಬೇಕಾ, ಇಲ್ಲಾ ಗುಜರಿಗೆ ಹಾಕ್ಲಾ?" ಫೋಟೋ ನೋಡಿದೆ, ಕಮೊಡೋರ್ 64. 1982ರಲ್ಲಿ ಬಂದ ಮಾಡೆಲ್. ನೋಡೋಕೆ ಬರೀ ದಪ್ಪ ಕೀಬೋರ್ಡ್, ಆದರೆ ಇಡೀ ಕಂಪ್ಯೂಟರ್ ಅದರ ಹೊಟ್ಟೆಯಲ್ಲೇ ಇರುತ್ತದೆ. ಬೇಕು ಅಂದೆ. ಮೂರು ತಿಂಗಳಾದ ಮೇಲೆ ಅವನ ಸೂಟ್‌ಕೇಸಿನಲ್ಲಿ ಎರಡು ಸ್ವೆಟರ್ ನಡುವೆ ಮಲಗಿಕೊಂಡು ಬೆಂಗಳೂರಿಗೆ ಬಂತು.

ಬ್ರಿಟನ್ನಿನ ಸೆಟ್ ಆದರೆ ನಮಗೆ ಅನುಕೂಲ. ಅಲ್ಲೂ ಇಲ್ಲೂ ಕರೆಂಟ್ 50 ಹರ್ಟ್ಸ್, ಹಳೇ ಟಿವಿಗಳು ಪಾಲ್ ಅನ್ನೋ ಪದ್ಧತಿಯವು. ಅಮೆರಿಕದ್ದು ತರಿಸಿದರೆ 120 ವೋಲ್ಟು, ಎನ್‌ಟಿಎಸ್‌ಸಿ ಅನ್ನೋ ಇನ್ನೊಂದು ಟಿವಿ ಪದ್ಧತಿ ಅಂತ ಬೇರೆ ತಲೆನೋವು. ಒಂದೇ ಒಂದು ವ್ಯತ್ಯಾಸ ಇದೆ: ಆ್ಯಂಟೆನಾ ಸಾಕೆಟ್‌ಗೆ ಹಾಕಿದರೆ ನಮ್ಮ ಹಳೇ ಟಿವಿಯಲ್ಲಿ ಚಿತ್ರ ಬರುತ್ತದೆ, ದನಿ ಬರುವುದಿಲ್ಲ. ಅವರು ದನಿಯನ್ನು ಚಿತ್ರದ ಸಿಗ್ನಲ್ಲಿನಿಂದ 6 ಮೆಗಾಹರ್ಟ್ಸ್ ದೂರದಲ್ಲಿ ಇಟ್ಟಿದ್ದಾರೆ, ನಮ್ಮದು 5.5. ಹಿಂದಿರುವ ಗುಂಡು ವಿಡಿಯೋ ಸಾಕೆಟ್‌ನಿಂದ ಟಿವಿಯ ಹಳದಿ ಪಿನ್ನಿಗೆ ವೈರ್ ಎಳೆದರೆ ಈ ರಗಳೆಯೇ ಇಲ್ಲ, ಚಿತ್ರವೂ ಚೆನ್ನಾಗಿ ಬರುತ್ತದೆ.

ಆದರೆ ನಾನು ಅಷ್ಟು ತಾಳ್ಮೆಯವನಲ್ಲ. ಬಂದ ರಾತ್ರಿಯೇ ಅದರ ಜೊತೆ ಬಂದ ಹಳೇ ಅಡಾಪ್ಟರ್ ಹಾಕಿ ಸ್ವಿಚ್ ಒತ್ತಿದೆ. ಪರದೆ ಕಪ್ಪು. ಕೆಂಪು ದೀಪ ಮಾತ್ರ ಉರೀತಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಅದೇ.

ಈ ಮೆಷಿನ್ನಿನ ಅಡಾಪ್ಟರ್ ಇಟ್ಟಿಗೆಯಷ್ಟು ಭಾರ, ಒಳಗೆಲ್ಲ ಗಟ್ಟಿ ಅಂಟು ತುಂಬಿರುತ್ತದೆ, ಬಿಚ್ಚಿ ರಿಪೇರಿ ಮಾಡೋಕೂ ಆಗಲ್ಲ. ವಯಸ್ಸಾದ ಮೇಲೆ ಅದರಲ್ಲಿ ವೋಲ್ಟೇಜ್ ಹಿಡಿತದಲ್ಲಿಡುವ 5 ವೋಲ್ಟಿನ ರೆಗ್ಯುಲೇಟರ್ ಕೆಟ್ಟರೆ ಕರೆಂಟ್ ನಿಲ್ಲುವುದಿಲ್ಲ, ವೋಲ್ಟೇಜ್ ಏರುತ್ತದೆ. ಮೊದಲು ಸಾಯುವುದು ಸಾಮಾನ್ಯವಾಗಿ ಮೆಮೊರಿ ಚಿಪ್ಪುಗಳು. ಕೆಳಗಿನ ಮೂರು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದೆ. ಒಂದೇ ತರಹದ ಎಂಟು ಚಿಪ್ಪುಗಳು, 4164 ಅಂತ ನಂಬರು. ಬೇರೆ ಸಪ್ಲೈ ಕೊಟ್ಟು ಅರ್ಧ ನಿಮಿಷ ಬಿಟ್ಟು ಒಂದೊಂದರ ಮೇಲೂ ಬೆರಳಿಟ್ಟು ನೋಡಿದೆ. ಏಳು ಉಗುರುಬೆಚ್ಚಗಿದ್ದವು, ಒಂದು ಬೆರಳು ಸುಟ್ಟಿತು. ಒಂದು ಬೈಟ್ ಅಂದರೆ ಎಂಟು ಬಿಟ್, ಒಂದೊಂದು ಬಿಟ್ ಒಂದೊಂದು ಚಿಪ್ಪಿನಲ್ಲಿರುತ್ತದೆ, ಹಾಗಾಗಿ ಒಂದು ಹೋದರೂ 64 ಕೆಬಿ ಪೂರ್ತಿ ಹೋದ ಹಾಗೆ.

ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಆ ಚಿಪ್ ನಾಲ್ಕನೇ ಅಂಗಡಿಯಲ್ಲಿ ಸಿಕ್ಕಿತು. ಕೌಂಟರಿನ ಹುಡುಗ "ಇದು ನಾನು ಹುಟ್ಟೋಕ್ ಮುಂಚಿಂದು ಸಾರ್" ಅಂದ, ಒಳಗಿದ್ದ ಯಜಮಾನರು ಮಾತಿಲ್ಲದೆ ಒಂದು ಡಬ್ಬಿ ತೆಗೆದು ಮುಂದಿಟ್ಟರು. ಹಳೇದನ್ನು ಕಿತ್ತು, ಸಾಕೆಟ್ ಬೆಸುಗೆ ಹಾಕಿ, ಹೊಸದನ್ನು ಒತ್ತಿದೆ. ನೀಲಿ ಪರದೆ ಬಂತು, 38911 ಬೇಸಿಕ್ ಬೈಟ್ಸ್ ಫ್ರೀ ಅಂತ. ರಾತ್ರಿ ಒಂದೂವರೆಗೆ ಒಬ್ಬನೇ ಕೂಗಿದೆ.

ನಿಮ್ಮ ಕೈಗೆ ಇಂಥದ್ದು ಬಂದರೆ ಹಳೇ ಅಡಾಪ್ಟರ್ ಮುಟ್ಟಲೇಬೇಡಿ. ಮೀಟರಿನಲ್ಲಿ ಇವತ್ತು ಸರಿಯಾಗಿ ತೋರಿಸಿದರೂ ನಾಳೆ ಕೈಕೊಡಬಹುದು. ಹೊಸದು ಕೊಳ್ಳಿ. ಮೆಷಿನ್ನೇ ಇಲ್ಲ ಅಂದರೆ ವೈಸ್ ಅನ್ನೋ ಎಮ್ಯುಲೇಟರ್, ಅಂದರೆ ಈ ಮೆಷಿನ್ನಿನ ನಕಲು ಮಾಡುವ ಪ್ರೋಗ್ರಾಂ, ಉಚಿತವಾಗಿ ಸಿಗುತ್ತದೆ, ಲ್ಯಾಪ್‌ಟಾಪಿನಲ್ಲಿ ಒಂದು ತಿಂಗಳು ಆಡಿ ನೋಡಿ. ಬೇಜಾರಾದರೆ ದುಡ್ಡು ಉಳಿಯಿತು ಅಷ್ಟೇ.

ಈಗ ನೆಟ್‌ವರ್ಕಿನ ವಿಷಯ. ಈ ಮೆಷಿನ್ನಿಗೆ ಇಂಟರ್ನೆಟ್ ಅಂದರೆ ಏನಂತ ಗೊತ್ತಿಲ್ಲ, ಫೋನ್ ಲೈನಿನಲ್ಲಿ ಕಂಪ್ಯೂಟರುಗಳನ್ನು ಮಾತಾಡಿಸುವ ಮೋಡೆಮ್ ಗೊತ್ತು, ಫೋನ್ ನಂಬರ್ ಗೊತ್ತು. ಆಗ ಬಿಬಿಎಸ್ ಅಂತ ಇರುತ್ತಿತ್ತು: ಯಾರೋ ಮನೆಯಲ್ಲಿ ಫೋನ್ ಲೈನಿಗೆ ಕಂಪ್ಯೂಟರ್ ಕಟ್ಟಿ ಕೂರುತ್ತಿದ್ದರು, ಉಳಿದವರು ಅದಕ್ಕೆ ಡಯಲ್ ಮಾಡಿ ಪತ್ರ ಬರೆದಿಟ್ಟು ಹೋಗುತ್ತಿದ್ದರು. ಮೊದಲನೆಯದನ್ನು 1978ರಲ್ಲಿ ಶಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್ಸನ್, ರ‍್ಯಾಂಡಿ ಸೂಸ್ ಇಬ್ಬರೂ ಸೇರಿ ಶುರು ಮಾಡಿದರು. ಅಂಥವು ಇವತ್ತಿಗೂ ಇವೆ, ಫೋನ್ ಬದಲು ಟೆಲ್ನೆಟ್ ಮೇಲೆ, ಅಂದರೆ ಇಂಟರ್ನೆಟ್ಟಿನಲ್ಲಿ ಬರೀ ಅಕ್ಷರ ಸಾಗಿಸುವ ಹಳೇ ದಾರಿಯಲ್ಲಿ. ನಾವು ಮಾಡಬೇಕಾದ್ದು ಇಷ್ಟೇ, ಮೆಷಿನ್ನಿಗೆ ಸುಳ್ಳು ಹೇಳಬೇಕು. ಇಎಸ್‌ಪಿ8266 ಅನ್ನೋ ಚಿಕ್ಕ ವೈಫೈ ಬೋರ್ಡಿಗೆ ಮೋಡೆಮ್ ವೇಷ ಹಾಕಿಸಿ ಹಿಂದಿನ ಯೂಸರ್ ಪೋರ್ಟಿಗೆ ಸಿಕ್ಕಿಸಿದರೆ ಆಯ್ತು. ಎಟಿಡಿಟಿ (ಮೋಡೆಮ್ಮಿಗೆ ಡಯಲ್ ಮಾಡು ಅನ್ನೋ ಆಜ್ಞೆ) ಅಂತ ಟೈಪ್ ಮಾಡಿ, ಫೋನ್ ನಂಬರ್ ಜಾಗದಲ್ಲಿ ಬಿಬಿಎಸ್ ವಿಳಾಸ ಹಾಕಿದರೆ, ಪಾಪ ಅದು ಡಯಲ್ ಮಾಡ್ತಿದೀನಿ ಅಂತಲೇ ತಿಳ್ಕೊಳ್ಳುತ್ತದೆ.

ಬೋರ್ಡ್ 3.3 ವೋಲ್ಟಿನದು, ಪೋರ್ಟ್ 5 ವೋಲ್ಟಿನದು, ಮಧ್ಯೆ ಎರಡರ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಬೇಕು. ಪೋರ್ಟಿನ 5 ವೋಲ್ಟ್ ಪಿನ್ನಿಂದ 100 ಮಿಲಿಆಂಪಿಗಿಂತ ಜಾಸ್ತಿ ಎಳೆಯಬಾರದು. ವೈಫೈ ಬೋರ್ಡ್ ಸಿಗ್ನಲ್ ಕಳಿಸುವಾಗ ಅದಕ್ಕಿಂತ ಜಾಸ್ತಿ ಕೇಳುತ್ತದೆ, ಅದಕ್ಕೆ ನಾನು ಬೋರ್ಡಿಗೆ ಮೊಬೈಲ್ ಚಾರ್ಜರ್ ಕೊಟ್ಟು ಗ್ರೌಂಡ್ ಮಾತ್ರ ಎರಡಕ್ಕೂ ಸೇರಿಸಿದ್ದೇನೆ.

ಇಷ್ಟೆಲ್ಲ ಆದ ಮೇಲೆ ಸಿಕ್ಕಿಬಿದ್ದಿದ್ದು ಎಲ್ಲಿ ಗೊತ್ತಾ? ವೈಫೈ ಪಾಸ್‌ವರ್ಡ್‌ನಲ್ಲಿ. ಅದರಲ್ಲಿ ಒಂದು ಅಂಡರ್‌ಸ್ಕೋರ್ ಇತ್ತು. ಈ ಕೀಬೋರ್ಡಿನಲ್ಲಿ ಆ ಕೀ ಇಲ್ಲ! ಜೊತೆಗೆ ಕಮೊಡೋರ್‌ನ ಅಕ್ಷರ ಸಂಕೇತದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅದಲು ಬದಲು. ಎರಡು ಸಂಜೆ ಒದ್ದಾಡಿದ ಮೇಲೆ ರೂಟರಿನಲ್ಲಿ ಬರೀ ಅಂಕಿಗಳ ಪಾಸ್‌ವರ್ಡ್ ಇರುವ ಗೆಸ್ಟ್ ನೆಟ್‌ವರ್ಕ್ ಮಾಡಿದೆ, 2.4 ಗಿಗಾಹರ್ಟ್ಸಿನದು, ಯಾಕಂದ್ರೆ ಈ ಬೋರ್ಡಿಗೆ 5 ಕಾಣೋದೇ ಇಲ್ಲ. ತಕ್ಷಣ ಕನೆಕ್ಟ್ ಆಯ್ತು.

ನಾನು 1200 ಬಾಡ್‌ನಲ್ಲಿ ಓಡಿಸುತ್ತೇನೆ. ಅಂದರೆ ಸೆಕೆಂಡಿಗೆ 120 ಅಕ್ಷರ. ಪರದೆಯಲ್ಲಿ 40 ಕಾಲಂ, 25 ಸಾಲು, ಪೂರ್ತಿ ತುಂಬಲು ಎಂಟು ಸೆಕೆಂಡ್ ಮೇಲೆ. ಜರ್ಮನಿಯ ಯಾವುದೋ ಬಿಬಿಎಸ್‌ನ ಸ್ವಾಗತದ ಚಿತ್ರ ಮೇಲಿಂದ ಕೆಳಗೆ ಒಂದೊಂದೇ ಚೌಕ ಬರುವುದನ್ನು ಸುಮ್ನೆ ಕೂತು ನೋಡುತ್ತೇನೆ. 2400 ಕೂಡ ಬರುತ್ತದೆ, ನನಗೆ ಬೇಡ.

ವೆಬ್‌ಸೈಟ್ ತೆರೆಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. 2003ರಲ್ಲೇ ಸ್ವೀಡನ್ನಿನ ಆಡಮ್ ಡಂಕೆಲ್ಸ್ ಕಾಂಟಿಕಿ ಅನ್ನೋ ಪುಟ್ಟ ಆಪರೇಟಿಂಗ್ ಸಿಸ್ಟಂ ಬರೆದು, ಇದೇ ಮೆಷಿನ್ನಿನಲ್ಲಿ ಬ್ರೌಸರ್ ಓಡಿಸಿ ತೋರಿಸಿದ್ದರು. ಆದರೆ ಈಗ ಹೆಚ್ಚುಕಡಿಮೆ ಎಲ್ಲ ಸೈಟೂ ಎಚ್‌ಟಿಟಿಪಿಎಸ್, ಅಂದರೆ ಪುಟವನ್ನು ಗೂಢಲಿಪಿಯ ಬೀಗ ಹಾಕಿ ಕಳಿಸುತ್ತವೆ. ಆ ಬೀಗ ತೆಗೆಯುವ ಲೆಕ್ಕ 1 ಮೆಗಾಹರ್ಟ್ಸ್ ಪ್ರೊಸೆಸರ್‌ಗೆ ತೀರಾ ಭಾರ. ಅದಕ್ಕೆ ನಾನು ಮನೆಯ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿಗೆ ದಲ್ಲಾಳಿ ಕೆಲಸ ಕೊಟ್ಟಿದ್ದೇನೆ. ಕಮೊಡೋರ್ ಪೈಗೆ ಡಯಲ್ ಮಾಡುತ್ತದೆ, ಪೈ ಸುದ್ದಿ ತಂದು, ಚಿತ್ರ ಗಿತ್ರ ಎಲ್ಲ ಕಿತ್ತು, 40 ಕಾಲಂಗೆ ಮಡಚಿ ಕಳಿಸುತ್ತದೆ. ಇಂಗ್ಲಿಷ್ ಸುದ್ದಿ ಮಾತ್ರ.

ಕನ್ನಡದ್ದೂ ಬರಲಿ ಅಂತ ಈಗ ಅಕ್ಷರ ಬಿಡಿಸುತ್ತಾ ಕೂತಿದ್ದೇನೆ. ಅಕ್ಷರಗಳ ಆಕಾರ ನಾವೇ ಬದಲಾಯಿಸಬಹುದು, ಒಂದಕ್ಕೆ 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರ. ತಲೆಕಟ್ಟಿಗೆ ಎರಡು ಸಾಲು ಚುಕ್ಕಿ ಕೊಟ್ಟರೆ ಉಳಿದದ್ದಕ್ಕೆ ಆರು. 'ರ', 'ಗ', 'ಕ' ಪರವಾಗಿಲ್ಲ, ಓದಬಹುದು. ಒತ್ತಕ್ಷರಕ್ಕೆ ಪರದೆಯ ಕೆಳಗಿನ ಇಡೀ ಸಾಲು ಬಿಟ್ಟುಕೊಡಬೇಕು, ಆಗ 25 ಸಾಲು ಇದ್ದದ್ದು ಹನ್ನೆರಡಾಗುತ್ತದೆ. 'ಕ್ಷ' ಮೂರು ಸಲ ಬಿಡಿಸಿದೆ, ಮೂರು ಸಲವೂ ಮನೆಯವರು ಅದನ್ನು ಏಡಿ ಅಂದರು.