ತೆಗೆಯಿರಿ ಅಂದಿದ್ದು ನಿಜ, ಹಾಕಿಕೊಳ್ಳಿ ಅಂದಿದ್ದು ಸುಳ್ಳು

2021ರ ಸಂಕ್ರಾಂತಿಗೆ ಅರಸೀಕೆರೆಯ ಮಾವನ ಮನೆಗೆ ಹೋಗಿದ್ದೆ. ಎಳ್ಳು-ಬೆಲ್ಲ ಕೈಗೆ ಬರುವ ಮೊದಲೇ ಮಾವ ಒಳಕೋಣೆಯಿಂದ ಕೂಗಿದರು. "ಬಾರೇ ಇಲ್ಲಿ. ಎರಡು ದಿನದಿಂದ ನನ್ನ ಆಟ ಬರ್ತಿಲ್ಲ, ಏನಾಗಿದೆ ನೋಡು."

ಮಾವ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ರಿಟೈರ್ ಆದಮೇಲೆ ಮಧ್ಯಾಹ್ನ ಊಟ ಮುಗಿಸಿ ಒಂದು ಗಂಟೆ ಕಂಪ್ಯೂಟರ್ ಮುಂದೆ ಕೂರುವುದು ಅಭ್ಯಾಸ. ರಾಶಿ ಹಾಕಿದ ಬಿಲ್ಲೆಗಳಲ್ಲಿ ಒಂದೇ ಥರದ ಎರಡನ್ನು ಹುಡುಕಿ ತೆಗೆಯುವ ಆಟ. ಅವತ್ತು ಆಟ ಇರಬೇಕಾದ ಜಾಗದಲ್ಲಿ ಒಂದು ಗುಂಡನೆಯ ಗುರುತು, ಅದರೊಳಗೆ ಇಂಗ್ಲಿಷಿನ ‘ಐ’ ಅಕ್ಷರ. ಅಷ್ಟೇ.

ನನಗೆ ತಕ್ಷಣ ಹೊಳೆಯಿತು. ಅಡೋಬಿ ಕಂಪನಿಯವರು 2020ರ ಡಿಸೆಂಬರ್ 31ಕ್ಕೆ, ಬ್ರೌಸರಿನಲ್ಲಿ ಇಂಥ ಆಟ, ವಿಡಿಯೊ ಓಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್‌ಗೆ ಮಂಗಳ ಹಾಡಿದ್ದರು. ಜನವರಿ 12ರಿಂದ ಫ್ಲ್ಯಾಶ್ ತಾನಾಗಿಯೇ ಆಟ, ವಿಡಿಯೊ ಯಾವುದನ್ನೂ ಓಡಿಸದೆ ಕೈಕಟ್ಟಿ ಕೂರುವ ಹಾಗೆ ಮೊದಲೇ ಬರೆದಿಟ್ಟಿದ್ದರು. ಮಾವನ ಆಟ ನಿಂತದ್ದು ಸರಿಯಾಗಿ ಅವತ್ತೇ. ಫ್ಲ್ಯಾಶ್ ಹಳೇದಾಯಿತು, ಇನ್ನು ಓಡಲ್ಲ ಅಂದೆ.

"ಅದು ಹೇಗೇ ಹಳೇದಾಗುತ್ತೆ? ಹೋದ ತಿಂಗಳು ತಾನೇ ಅಪ್‌ಡೇಟ್ ಮಾಡಿದೀನಿ" ಅಂದರು ಮಾವ.

ಅಲ್ಲಿಂದ ಕಥೆ ಶುರು. ಡಿಸೆಂಬರಿನಲ್ಲಿ ಅವರಿಗೆ ಎರಡು ಪುಟ್ಟ ಕಿಟಕಿಗಳು ಕಾಣಿಸಿಕೊಂಡಿದ್ದವಂತೆ. ಒಂದು, ‘ಫ್ಲ್ಯಾಶ್ ಪ್ಲೇಯರ್ ತೆಗೆದುಹಾಕಿ’ ಅಂತ. ಇನ್ನೊಂದು, ಯಾವುದೋ ಸೈಟಿನಲ್ಲಿ, ಕೆಂಪು ಅಕ್ಷರದಲ್ಲಿ, ‘ನಿಮ್ಮ ಫ್ಲ್ಯಾಶ್ ಹಳೆಯದಾಗಿದೆ, ಈಗಲೇ ಅಪ್‌ಡೇಟ್ ಮಾಡಿ’ ಅಂತ. ಯಾವ ಕಂಪನಿಯಾದರೂ ತನ್ನ ಸಾಮಾನನ್ನು ತಾನೇ ಕಿತ್ತುಹಾಕಿ ಅನ್ನುತ್ತದಾ? ಹಾಗಾಗಿ ಮೊದಲನೆಯದು ಮೋಸ ಅಂದುಕೊಂಡು ಬೇಡ ಅಂದಿದ್ದಾರೆ. ಎರಡನೆಯದಕ್ಕೆ ಹೂಂ ಅಂದಿದ್ದಾರೆ.

ಆಗಿದ್ದು ತಿರುಗಾಮುರುಗ. ತೆಗೆಯಿರಿ ಅಂದಿದ್ದೇ ಅಡೋಬಿಯವರು. ಅಪ್‌ಡೇಟ್ ಅಂದಿದ್ದು ಕಳ್ಳರು. ಬ್ರೌಸರ್ ತೆಗೆದರೆ ಹೆಸರೇ ಕೇಳಿರದ ಒಂದು ಸರ್ಚ್ ಪುಟ, ಮೇಲೆ ಒಂದು ಟೂಲ್‌ಬಾರ್. "ಇದೇನೋ ಹೊಸ ಡಿಸೈನ್ ಅಂದ್ಕೊಂಡೆ" ಅಂದರು. ನಗು ತಡೆದುಕೊಂಡೆ. ಮಾವನ ತರ್ಕದಲ್ಲಿ ತಪ್ಪೇನಿತ್ತು, ಅಲ್ವಾ? ಹತ್ತಿಪ್ಪತ್ತು ವರ್ಷ ನಮಗೆಲ್ಲ ‘ಅಪ್‌ಡೇಟ್ ಮಾಡಿ, ಅಪ್‌ಡೇಟ್ ಮಾಡಿ’ ಅಂತ ಪಾಠ ಹೇಳಿಕೊಟ್ಟವರೇ ಈ ಕಂಪನಿಯವರು.

ಟೂಲ್‌ಬಾರ್ ಕಿತ್ತು, ವೈರಸ್ ಸ್ಕ್ಯಾನ್ ಹಾಕಿ, ಕಂಟ್ರೋಲ್ ಪ್ಯಾನೆಲ್ ತೆಗೆದೆ. ಅಲ್ಲೊಂದು ಸಂತೆಯೇ ಇತ್ತು. ಫ್ಲ್ಯಾಶ್, ಶಾಕ್‌ವೇವ್, ಕ್ವಿಕ್‌ಟೈಮ್, ರಿಯಲ್‌ಪ್ಲೇಯರ್, ಸಿಲ್ವರ್‌ಲೈಟ್, ಜಾವಾ. ಒಂದೊಂದಕ್ಕೂ ಒಂದೊಂದು ಕಾಲ. ರಿಯಲ್‌ಪ್ಲೇಯರ್ ಬಂದದ್ದು ಹಳೆ ಕನ್ನಡ ಹಾಡುಗಳನ್ನು ಸೈಟಿನಲ್ಲಿ ಕೇಳಲಿಕ್ಕೆ. ಒಂದು ಚರಣಕ್ಕೆ ಮೂರು ಸಲ ‘ಬಫರಿಂಗ್’ ಅನ್ನುತ್ತಿತ್ತು. ಕ್ವಿಕ್‌ಟೈಮ್ ಬಂದದ್ದು ಕ್ಯಾಮೆರಾ ಜೊತೆಗಿನ ಸೀಡಿಯಲ್ಲಿ. ಸಿಲ್ವರ್‌ಲೈಟ್ ಯಾಕೆ ಬಂತು, ಮಾವನಿಗೂ ಗೊತ್ತಿಲ್ಲ.

"ಇರಲಿ ಬಿಡೇ, ಅದರ ಪಾಡಿಗೆ ಅದು ಇದೆ. ಅನ್ನ ಕೇಳುತ್ತಾ, ನೀರು ಕೇಳುತ್ತಾ?"

ಕೇಳುವುದಿಲ್ಲ. ಆದರೆ ಇವೆಲ್ಲ ಬ್ರೌಸರಿಗೆ ಪ್ಲಗಿನ್ ಆಗಿ ಸೇರಿಕೊಳ್ಳುವಂಥವು. ಪ್ಲಗಿನ್ ಅನ್ನುವುದು ಬ್ರೌಸರಿನ ಭಾಗವೇ ಅಲ್ಲ. ನೆಟ್‌ಸ್ಕೇಪ್ ಅನ್ನುವ ಹಳೆ ಬ್ರೌಸರಿನ ಕಾಲದಲ್ಲಿ, 1990ರ ದಶಕದಲ್ಲಿ, ಬ್ರೌಸರಿಗೆ ಹಾಡು, ವಿಡಿಯೊ ಯಾವುದೂ ಬರುತ್ತಿರಲಿಲ್ಲ. ಅದಕ್ಕೇ ಹೊರಗಿನ ಪ್ರೋಗ್ರಾಮನ್ನು ತಂದು ಒಳಗೆ ಸಿಕ್ಕಿಸುವ ಏರ್ಪಾಡು ಮಾಡಿದರು. ಹಾಗೆ ಬಂದದ್ದು ನಮ್ಮ ಕಂಪ್ಯೂಟರಿನಲ್ಲಿ ನಾವು ಏನೇನು ಮಾಡಬಹುದೋ ಹೆಚ್ಚುಕಮ್ಮಿ ಅದೆಲ್ಲವನ್ನೂ ಮಾಡಬಲ್ಲದು. ಅದರಲ್ಲೊಂದು ತೂತು ಸಿಕ್ಕರೆ ಒಂದು ಕೆಟ್ಟ ಪುಟ ತೆರೆದರೂ ಸಾಕು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲಿನ ಅಗುಳಿ ಹಾಕದೆ ಮಲಗಿದ ಹಾಗೆ. ವಿಂಡೋಸಿನ ಕ್ವಿಕ್‌ಟೈಮಿನಲ್ಲಿ ಎರಡು ತೂತು ಸಿಕ್ಕಾಗ ಆಪಲ್ ಅದಕ್ಕೆ ತೇಪೆ ಹಾಕುವುದನ್ನೇ ನಿಲ್ಲಿಸಿತ್ತು. 2016ರ ಏಪ್ರಿಲಿನಲ್ಲಿ ಅಮೆರಿಕದ ಸರ್ಕಾರವೇ ‘ತೆಗೆದುಹಾಕಿ’ ಅಂತ ಜನರಿಗೆ ಹೇಳಬೇಕಾಯಿತು. ಮಾವನ ಕಂಪ್ಯೂಟರಿನಲ್ಲಿ ಮಾತ್ರ ಅದು 2021ರವರೆಗೂ ಹಾಯಾಗಿತ್ತು.

ತಮಾಷೆ ಏನೆಂದರೆ, ಆ ಸಂತೆಯಲ್ಲಿ ಹೆಚ್ಚಿನವನ್ನು ಬ್ರೌಸರ್ ಮುಟ್ಟುತ್ತಲೂ ಇರಲಿಲ್ಲ. ಕ್ರೋಮ್ 2015ರಲ್ಲೇ ಆ ಹಳೆ ಥರದ ಪ್ಲಗಿನ್‌ಗಳನ್ನು ಕೈಬಿಟ್ಟಿತ್ತು. ಮಾವ ಬಳಸುವ ಫೈರ್‌ಫಾಕ್ಸ್ 2017ರ ಮಾರ್ಚಿನಲ್ಲಿ ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದವನ್ನು ಹೊರಗೆ ಹಾಕಿತ್ತು. ವಿಡಿಯೊ ಓಡಿಸುವುದನ್ನು ಬ್ರೌಸರ್ ತಾನೇ ಕಲಿತುಬಿಟ್ಟಿತ್ತಲ್ಲ. ಒಂದೊಂದಾಗಿ ಎಲ್ಲವನ್ನೂ ತೆಗೆದೆ. ವಿಎಲ್‌ಸಿ ಮಾತ್ರ ಉಳಿಸಿದೆ, ಅದು ಮೊಮ್ಮಗಳ ನಾಮಕರಣದ ವಿಡಿಯೊ ನೋಡುವುದಕ್ಕೆ ಬೇಕು. ಅದು ಪ್ಲೇಯರ್, ಬ್ರೌಸರಿಗೆ ಸಿಕ್ಕಿಸುವ ಪ್ಲಗಿನ್ ಬೇರೆ. ಎರಡನ್ನೂ ಗೋಜಲು ಮಾಡಿಕೊಳ್ಳುವವರೇ ಜಾಸ್ತಿ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಫೈರ್‌ಫಾಕ್ಸಿನ ಆಡ್-ಆನ್ ಪುಟದಲ್ಲಿ ಇನ್ನೂ ಎರಡು ಹೆಸರು ಕಂಡವು. ಸಿಸ್ಕೊದವರ ಓಪನ್‌ಎಚ್264, ಗೂಗಲ್‌ನ ವೈಡ್‌ವೈನ್. ಮಾವ ಹಾಕಿಕೊಂಡದ್ದಲ್ಲ, ನಾನೂ ಅಲ್ಲ. ತೆಗೆಯುವ ಹುರುಪಿನಲ್ಲಿದ್ದೆ, ಎರಡನ್ನೂ ಆಫ್ ಮಾಡಿದೆ.

ರಾತ್ರಿ ಅತ್ತೆ, ಮಾವ ಸಿನಿಮಾ ನೋಡಲು ಕೂತರು. ಮಗ ತಿಂಗಳ ಚಂದಾ ಕಟ್ಟಿಕೊಟ್ಟ ಸೈಟು. ಚಕ್ರ ತಿರುಗಿತು, ತಿರುಗಿತು, ಆಮೇಲೆ ಒಂದು ಎರರ್. "ಇವಳು ರಿಪೇರಿ ಮಾಡೋಕೆ ಮುಂಚೆ ಚೆನ್ನಾಗೇ ಇತ್ತು ಕಣ್ರೀ" ಅಂದರು ಅತ್ತೆ, ನನಗೆ ಕೇಳಿಸುವ ಹಾಗೆ.

ಮುಖ ಸಣ್ಣ ಮಾಡಿಕೊಂಡು ಹುಡುಕಿದೆ. ವೈಡ್‌ವೈನ್ ಇರುವುದೇ ಅದಕ್ಕೆ. ದುಡ್ಡು ಕೊಟ್ಟು ನೋಡುವ ಸಿನಿಮಾಗಳು ಬೀಗ ಹಾಕಿಕೊಂಡು ಬರುತ್ತವೆ, ಬೀಗ ತೆಗೆಯುವುದು ಅದು. ಓಪನ್‌ಎಚ್264 ಅನ್ನುವುದು ಬ್ರೌಸರಿನಲ್ಲೇ ವಿಡಿಯೊ ಕಾಲ್ ಮಾಡುವಾಗ ನೆರವಿಗೆ ಬರುವಂಥದ್ದು. ವಿಡಿಯೊ ಕುಗ್ಗಿಸಿ ಕಳಿಸುವ ಎಚ್264 ವಿಧಾನದ ಪೇಟೆಂಟಿಗೆ ಶುಲ್ಕ ಕಟ್ಟಬೇಕು; ಸಿಸ್ಕೊ ತಾನೇ ಕಟ್ಟಿ ಹಂಚುತ್ತದೆ, ಅದಕ್ಕೇ ಅವರ ಹೆಸರು. ಎರಡೂ ಬ್ರೌಸರ್ ಹಾಕಿದ ಕಟ್ಟುಪಾಡಿನೊಳಗೇ ಓಡುವಂಥವು, ಫೈರ್‌ಫಾಕ್ಸ್ ತಾನೇ ತಂದು ತಾನೇ ಅಪ್‌ಡೇಟ್ ಮಾಡಿಕೊಳ್ಳುತ್ತದೆ. ಹಳೆಯವುಗಳ ಸಾಲಿಗೆ ಇವನ್ನು ಸೇರಿಸಿದ್ದು ನನ್ನ ಪೆದ್ದುತನ. ಆನ್ ಮಾಡಿದೆ, ಸಿನಿಮಾ ಬಂತು.

ಮಾರನೆಯ ಬೆಳಿಗ್ಗೆ, ಬಸ್ಸಿಗೆ ಇನ್ನೂ ಹೊತ್ತಿತ್ತು. ಹಳೆ ಸೈಟು, ಪುಸ್ತಕಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್ 2020ರ ನವೆಂಬರಿನಿಂದ ಹಳೆ ಫ್ಲ್ಯಾಶ್ ಆಟಗಳನ್ನು ‘ರಫಲ್’ ಅನ್ನುವ ಎಮ್ಯುಲೇಟರಿನಲ್ಲಿ, ಅಂದರೆ ಫ್ಲ್ಯಾಶಿನ ಕೆಲಸವನ್ನು ತಾನೇ ಮಾಡುವ ಪ್ರೋಗ್ರಾಮಿನಲ್ಲಿ, ಓಡಿಸುತ್ತಿದೆ, ಫ್ಲ್ಯಾಶ್ ಬೇಕಾಗಿಲ್ಲ. ಹುಡುಕಿದೆ. ಮಾವನ ಆಟವೇ ಸಿಗಲಿಲ್ಲ, ಅಂಥದ್ದೇ ಬಿಲ್ಲೆ ಜೋಡಿಸುವ ಇನ್ನೊಂದು ಸಿಕ್ಕಿತು. ತೆರೆದು ಕುರ್ಚಿ ಬಿಟ್ಟುಕೊಟ್ಟೆ.

ಮಾವ ಕನ್ನಡಕ ಏರಿಸಿ ಪರದೆಯನ್ನೇ ನೋಡಿದರು, ಬಿಲ್ಲೆ ಮುಟ್ಟಲಿಲ್ಲ.

"ಏನೂ ಹಾಕ್ಕೋ ಅಂತ ಕೇಳಲೇ ಇಲ್ವಲ್ಲೇ. ಇದು ಮೋಸ ಅಲ್ಲ ತಾನೇ?"