ಪಟ್ಟೆ ಗುಲಾಬಿಯ ಪಟ್ಟೆ ಹೋದರೆ ಮೊದಲು ಬುಡ ನೋಡಿ

ಬೆಂಗಳೂರಿನ ಮನೆಗಳ ಬಾಲ್ಕನಿ, ಟೆರೇಸ್ ತೋಟ ನೋಡಿಕೊಳ್ಳುವುದು ನನ್ನ ಕೆಲಸ. ಗುಲಾಬಿ ಇಲ್ಲದ ಮನೆ ಕಡಿಮೆ. ಈಚೆಗೆ ಜನ ಜಾಸ್ತಿ ಕೇಳುವುದು ಪಟ್ಟೆ ಗುಲಾಬಿ. ಅದರಲ್ಲೂ ಗೊಂಚಲು ಗೊಂಚಲಾಗಿ ಹೂ ಬಿಡುವ ಫ್ಲೋರಿಬಂಡಾ. ಗಿಡ ತುಂಬಾ ಎತ್ತರ ಹೋಗುವುದಿಲ್ಲ, ಪೊದೆಯಂತೆ ತುಂಬಿಕೊಳ್ಳುತ್ತದೆ, ಒಂದು ಸುತ್ತು ಹೂ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಸುತ್ತಿಗೆ ಚಿಗುರುತ್ತದೆ. ಕುಂಡಕ್ಕೆ ಇದಕ್ಕಿಂತ ಒಳ್ಳೆ ಗುಲಾಬಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಆದರೆ ಈ ಗಿಡದ ಬಗ್ಗೆ ಬರುವ ಫೋನ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತು: "ತಂದಾಗ ಪಟ್ಟೆ ಚೆನ್ನಾಗಿತ್ತು, ಈಗ ಹೋಗಿಬಿಟ್ಟಿದೆ. ಯಾವ ಗೊಬ್ಬರ ಹಾಕಲಿ?"

ಪಟ್ಟೆ ಬರಿಸುವ ಗೊಬ್ಬರ ಯಾವುದೂ ಇಲ್ಲ. ಅದಕ್ಕೇ ನಾನು ಫೋನಿನಲ್ಲಿ ಔಷಧಿ ಹೇಳುವುದಿಲ್ಲ. ಹೋಗಿ ಗಿಡದ ಮುಂದೆ ಕೂತು, ಪಟ್ಟೆ ಇಲ್ಲದ ಹೂ ಯಾವ ಕೊಂಬೆಯಲ್ಲಿದೆಯೋ ಆ ಕೊಂಬೆಯನ್ನು ಬೆರಳಲ್ಲಿ ಹಿಡಿದು ಕೆಳಗೆ ಇಳಿಯುತ್ತೇನೆ. ಅದು ಎಲ್ಲಿಂದ ಹುಟ್ಟಿದೆ ಅನ್ನುವುದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆ.

ನರ್ಸರಿಯಲ್ಲಿ ಸಿಗುವ ಗುಲಾಬಿಗಳಲ್ಲಿ ಹೆಚ್ಚಿನವು ಕಸಿ ಗಿಡ. ಕೆಳಗೆ ಗಟ್ಟಿಮುಟ್ಟಾದ ಒಂದು ಬೇರುಗಿಡ, ಅದರ ಮೇಲೆ ನಮಗೆ ಬೇಕಾದ ಜಾತಿಯ ಒಂದು ಕಣ್ಣು, ಅಂದರೆ ಚಿಗುರೊಡೆಯುವ ಮೊಳಕೆ. ಕಣ್ಣು ಕೂರಿಸಿದ ಜಾಗ ಗಂಟಿನ ಹಾಗೆ ಉಬ್ಬಿರುತ್ತದೆ. ಗಂಟಿನ ಮೇಲಿಂದ ಬಂದಿದ್ದೆಲ್ಲ ನಮ್ಮ ಪಟ್ಟೆ ಗುಲಾಬಿ, ಕೆಳಗಿಂದ ಬಂದಿದ್ದು ಬೇರುಗಿಡದ ಚಿಗುರು.

ಕುಂಡದಲ್ಲಿ ತೊಂದರೆ ಶುರುವಾಗುವುದೇ ಇಲ್ಲಿ. ಮಣ್ಣು ಕೂತು ಕೆಳಗಿಳಿಯುತ್ತದೆ. ಮೇಲೆ ಎರೆಗೊಬ್ಬರ ಹಾಕುತ್ತಾರೆ, ಮತ್ತೊಂದಿಷ್ಟು ಮಣ್ಣು ತುಂಬುತ್ತಾರೆ. ಒಂದೆರಡು ವರ್ಷದಲ್ಲಿ ಗಂಟು ಮಣ್ಣಿನೊಳಗೆ ಹೋಗಿರುತ್ತದೆ. ಆಮೇಲೆ ಬೇರುಗಿಡದ ಚಿಗುರು ಮೇಲೆ ಬಂದರೂ ಅದು ಹೊಸ ಕೊಂಬೆಯಂತೆಯೇ ಕಾಣುತ್ತದೆ. ದಪ್ಪಗೆ, ನೆಟ್ಟಗೆ, ಬೇರೆ ಕೊಂಬೆಗಳಿಗಿಂತ ಜೋರಾಗಿ ಬೆಳೆಯುವುದನ್ನು ನೋಡಿ ಮನೆಯವರಿಗೆ ಖುಷಿ. ಅದಕ್ಕೆ ಕೋಲು ಕಟ್ಟಿ ಸಾಕಿದವರನ್ನೂ ನೋಡಿದ್ದೇನೆ. ಅಷ್ಟರಲ್ಲಿ ಮೇಲಿನ ಗಿಡ ಸೊರಗಿರುತ್ತದೆ.

ಇಂಥ ಕುಂಡ ಸಿಕ್ಕರೆ ನಾನು ಕೈತೋಟದ ಸಲಿಕೆ ಮುಟ್ಟುವುದಿಲ್ಲ, ಬೆರಳಲ್ಲೇ ಮಣ್ಣು ಬಿಡಿಸುತ್ತೇನೆ. ಬುಡದ ಸುತ್ತ ಎಳೆ ಬೇರುಗಳಿರುತ್ತವೆ, ಸಲಿಕೆ ತಾಗಿದರೆ ಹರಿಯುತ್ತವೆ. ಎರಡು ಮೂರು ಇಂಚು ಇಳಿದರೆ ಗಂಟು ಕೈಗೆ ಸಿಗುತ್ತದೆ. ಕೆಲವು ಸಲ ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಅಲ್ಲೇ ಇದ್ದು ತೊಗಟೆಯೊಳಗೆ ಹೂತುಕೊಂಡಿರುತ್ತದೆ. ಮೊದಲು ಅದನ್ನು ಬ್ಲೇಡಿನಿಂದ ಸೀಳಿ ತೆಗೆಯಬೇಕು. ಆಮೇಲೆ ಕೆಳಗಿನ ಚಿಗುರನ್ನು ಬುಡದಲ್ಲಿ ಹಿಡಿದು ಕೆಳಮುಖವಾಗಿ ಎಳೆದು ಕಿತ್ತುಬಿಡುವುದು. ಕತ್ತರಿಯಿಂದ ಮಣ್ಣಿನ ಮಟ್ಟಕ್ಕೆ ಕತ್ತರಿಸಿದರೆ ಅದರ ಬುಡದ ಕಣ್ಣುಗಳು ಅಲ್ಲೇ ಉಳಿಯುತ್ತವೆ, ಒಂದಿದ್ದದ್ದು ಮೂರಾಗಿ ಬರುತ್ತದೆ. ಕಿತ್ತ ಮೇಲೆ ಗಂಟು ಮಣ್ಣಿನಿಂದ ಒಂದಿಂಚು ಮೇಲೆ ಕಾಣುವ ಹಾಗೆ ಬಿಡುತ್ತೇನೆ. ಮೇಲಿಂದ ಗೊಬ್ಬರ ಹಾಕುವುದಾದರೆ ಅಷ್ಟೇ ಹಳೆ ಮಣ್ಣು ಕೆರೆದು ತೆಗೆದು ಹಾಕಿ ಅಂತ ಎಲ್ಲ ಮನೆಗಳಲ್ಲೂ ಹೇಳಿಬರುತ್ತೇನೆ.

ಕೊಂಬೆ ಗಂಟಿನ ಮೇಲಿಂದಲೇ ಬಂದಿದ್ದೂ ಹೂ ಪೂರ್ತಿ ಕೆಂಪಾಗಿದ್ದರೆ? ಅದು ಬೇರೆ ಕಥೆ. ಪಟ್ಟೆ ಗುಲಾಬಿಯ ಎಸಳಿನಲ್ಲಿ ಕೆಂಪು ಬಣ್ಣ ಮಾಡುವ ಕೆಲಸ ಕೆಲವು ಜೀವಕೋಶಗಳಲ್ಲಿ ನಡೆಯುತ್ತದೆ, ಕೆಲವದರಲ್ಲಿ ನಡೆಯುವುದಿಲ್ಲ. ನಡೆದ ಕಡೆ ಗೆರೆ, ಇಲ್ಲದ ಕಡೆ ಬಿಳಿ. ಅದಕ್ಕೇ ಒಂದೇ ಗೊಂಚಲಿನ ಎರಡು ಹೂಗಳೂ ಒಂದೇ ಥರ ಇರುವುದಿಲ್ಲ. ಹಳೆಯ ಕಾಲದ ಪಟ್ಟೆ ಟುಲಿಪ್‌ಗಳಲ್ಲಿ ಪಟ್ಟೆಗೆ ಕಾರಣ ವೈರಸ್. ಅದನ್ನು ಎಲ್ಲೋ ಓದಿ ನಮ್ಮ ಗುಲಾಬಿಗೂ ರೋಗವೇ ಅಂತ ಹೆದರುವವರಿದ್ದಾರೆ. ಹೆದರಬೇಡಿ, ಗುಲಾಬಿಯ ಪಟ್ಟೆ ಅದರ ಹುಟ್ಟುಗುಣ. ಆದರೆ ಆ ಗುಣ ಒಂದೊಂದು ಸಲ ಒಂದು ಕೊಂಬೆಯಲ್ಲಿ ಹಿಂದಕ್ಕೆ ಹೋಗುತ್ತದೆ. ರೋಸಾ ಮುಂಡಿ ಅನ್ನುವ ತೀರಾ ಹಳೆಯ ಯುರೋಪಿನ ಪಟ್ಟೆ ಗುಲಾಬಿ ಇದೆ. ಅದು ಬರೀ ಕೆಂಪು ಹೂವಿನ ಗ್ಯಾಲಿಕಾ ಗುಲಾಬಿಯ ಒಂದು ಕೊಂಬೆ ಬದಲಾಗಿ ಬಂದದ್ದು. ಇವತ್ತಿಗೂ ಅದರಲ್ಲಿ ಆಗಾಗ ಒಂದು ಕೊಂಬೆ ಹಳೆಯ ಬಣ್ಣಕ್ಕೇ ಮರಳುತ್ತದೆ. ಹಾಗೆ ಮರಳಿದ ಕೊಂಬೆಯನ್ನು ಹುಟ್ಟಿದ ಜಾಗದವರೆಗೂ ಕತ್ತರಿಸಬೇಕು. ಒಂದೇ ಹೂ ನೋಡಿ ಕತ್ತರಿ ಹಾಕಬೇಡಿ. ಅದೇ ಕೊಂಬೆಯ ಇನ್ನೊಂದು ಸುತ್ತು ಹೂ ಬರಲಿ. ಆಗಲೂ ಪೂರ್ತಿ ಕೆಂಪಾಗಿದ್ದರೆ ತೆಗೆಯಿರಿ.

ಮೂರನೆಯ ಕಾರಣ ಬಿಸಿಲು. ನಮ್ಮೂರಿನ ಮಾರ್ಚ್, ಏಪ್ರಿಲ್ ಬಿಸಿಗೆ ಹೂ ಚಿಕ್ಕದಾಗುತ್ತದೆ, ಕೆಂಪು ಬೇಗ ಮಂಕಾಗುತ್ತದೆ, ಗೆರೆಗಳು ಬಿಳಿಯ ಜೊತೆ ಕಲಸಿದ ಹಾಗೆ ಕಾಣುತ್ತವೆ. ಜೊತೆಗೆ ಥ್ರಿಪ್ಸ್ ಅನ್ನುವ ಸಣ್ಣ ಹುಳದ ಕಾಟ. ಕಡು ಕೆಂಪು ಹೂವಿನಲ್ಲಿ ಅಷ್ಟಾಗಿ ಕಾಣದ ಅದರ ಗಾಯ, ಬಿಳಿ ಎಸಳಿನ ಮೇಲೆ ಕಂದು ಕಲೆಯಾಗಿ ಎದ್ದು ಕಾಣುತ್ತದೆ. ಮೊಗ್ಗನ್ನು ಬಿಳಿ ಕಾಗದದ ಮೇಲೆ ತಟ್ಟಿ ನೋಡಿ, ಸಣ್ಣ ಗೀರಿನಂಥ ಹುಳ ಓಡಾಡಿದರೆ ಅದೇ. ನಾನು ಹಾಳಾದ ಮೊಗ್ಗುಗಳನ್ನು ಕಿತ್ತು ಕವರಿನಲ್ಲಿ ಕಟ್ಟಿ ಎಸೆಯುತ್ತೇನೆ, ಸಂಜೆ ಹೊತ್ತು ಬೇವಿನ ಎಣ್ಣೆ ಸಿಂಪಡಿಸುತ್ತೇನೆ. ಡಿಸೆಂಬರ್‌ನ ತಂಪಿಗೆ ಅದೇ ಗಿಡದಲ್ಲಿ ಪಟ್ಟೆ ಮತ್ತೆ ಗಾಢವಾಗಿ ಬರುತ್ತದೆ. ಅಲ್ಲಿವರೆಗೆ ಕಾಯಬೇಕು, ಅಷ್ಟೇ.

ಬಾಲ್ಕನಿಯವರು ಬಿಸಿಲಿನ ಲೆಕ್ಕ ಸರಿಯಾಗಿ ಹಾಕಬೇಕು. ಗುಲಾಬಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ದಕ್ಷಿಣದ ಬಾಲ್ಕನಿ ಡಿಸೆಂಬರ್, ಜನವರಿಯಲ್ಲಿ ಚಿನ್ನದಂಥ ಜಾಗ. ಆದರೆ ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಮೇಲಿನ ಮಹಡಿಯ ಸ್ಲ್ಯಾಬ್ ಬೇರೆ ಅಡ್ಡ. ಆ ತಿಂಗಳುಗಳಲ್ಲಿ ಅಲ್ಲಿನ ಗಿಡ ಉದ್ದುದ್ದ ಬೆಳೆದು ಹೂ ಕಡಿಮೆ ಬಿಡುತ್ತದೆ. ಕುಂಡವನ್ನು ಪೂರ್ವದ ಕಡೆಗೋ ಟೆರೇಸ್‌ಗೋ ಸಾಗಿಸಿ. ಕುಂಡದಲ್ಲಿ ಬೆಳೆಸುವ ದೊಡ್ಡ ಅನುಕೂಲ ಅದೇ ಅಲ್ವಾ?

ಕುಂಡ 12 ಇಂಚಿಗಿಂತ ಚಿಕ್ಕದು ಬೇಡ, 14 ಆದರೆ ಒಳ್ಳೆಯದು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೋಕೋಪೀಟ್, ಒಂದು ಹಿಡಿ ಬೇವಿನ ಹಿಂಡಿ. ನರ್ಸರಿ ಕವರಿನ ಜಿಗುಟು ಮಣ್ಣಿನ ಉಂಡೆಯನ್ನು ಹಾಗೇ ಕುಂಡದಲ್ಲಿ ಇಡಬೇಡಿ. ನೀರು ಅದರ ಪಕ್ಕದಲ್ಲೇ ಜಾರಿ ಹೋಗುತ್ತದೆ, ಒಳಗೆ ಬೇರು ಒಣಗುತ್ತದೆ. ಕವರ್ ಸೀಳುವ ಮೊದಲು ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುವುದು ನಿಂತ ಮೇಲೆ ತೆಗೆದು ನೆಡಿ. ಬೋರ್‌ವೆಲ್‌ನ ಗಡಸು ನೀರು ಹಾಕುವ ಮನೆಗಳಲ್ಲಿ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದನ್ನು ನೋಡಿರುತ್ತೀರಿ. ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಗಿಡಕ್ಕೆ ಸಿಗುತ್ತಿಲ್ಲ ಅಂತ ಅರ್ಥ. ಮಳೆನೀರು ಹಿಡಿದಿಟ್ಟು ಹಾಕಿ, ಚಿಲೇಟೆಡ್ ಕಬ್ಬಿಣವನ್ನು (ಗಿಡ ಸುಲಭವಾಗಿ ಹೀರುವ ರೂಪದ ಕಬ್ಬಿಣ) ಪೊಟ್ಟಣದ ಮೇಲಿನ ಅಳತೆಯಲ್ಲಿ ಕೊಡಿ.

ಹೂ ಬಾಡಿದ ಮೇಲೆ ಒಂದೊಂದಾಗಿ ಚಿವುಟುತ್ತಾ ಕೂರುವ ಬದಲು, ಗೊಂಚಲು ಮುಗಿದಾಗ ಇಡೀ ಗೊಂಚಲನ್ನು ಅದರ ಕೆಳಗಿನ ಐದೆಲೆಯ ಗರಿಯ ಮೇಲಕ್ಕೆ, ಹೊರಮುಖದ ಕಣ್ಣು ನೋಡಿ ಕತ್ತರಿಸಿ. ದೊಡ್ಡ ಸವರುವಿಕೆ ನಾನು ಮಾಡುವುದು ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್‌ನಲ್ಲಿ. ಕತ್ತರಿಸಿದ ತುದಿಗೆ ತಾಮ್ರದ ಔಷಧಿಯ ಪೇಸ್ಟ್ ಹಚ್ಚಲೇಬೇಕು, ಇಲ್ಲದಿದ್ದರೆ ಕೊಂಬೆ ತುದಿಯಿಂದ ಕಪ್ಪಾಗುತ್ತಾ ಒಣಗುತ್ತಾ ಬರುತ್ತದೆ. ಸುಮಾರು ಏಳು ವಾರಕ್ಕೆ ಹೂ ಶುರು.

ಯಾವ ಜಾತಿ ತರಲಿ ಅಂತ ಕೇಳುವವರಿಗೆ: ಹೆಸರು ಗೊತ್ತಿರುವ ಕಡೆ ಸೆಂಟಿಮೆಂಟಲ್ ಕೇಳಿ ನೋಡಿ. ಅಮೆರಿಕದ ಟಾಮ್ ಕ್ಯಾರುತ್ ಮಾಡಿದ ತಳಿ, ಕೆನೆ ಬಿಳಿಯ ಮೇಲೆ ಕಡುಗೆಂಪು ಪಟ್ಟೆ, ಘಮವೂ ಜೋರು. 1997ರಲ್ಲಿ ಆಲ್ ಅಮೆರಿಕ ರೋಸ್ ಸೆಲೆಕ್ಷನ್ಸ್ ಪ್ರಶಸ್ತಿ ಬಂದ ಗುಲಾಬಿ ಅದು. ನಮ್ಮ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಕಿಸ್ ಆಫ್ ಫೈರ್ ಗುಲಾಬಿಗೆ ವಿಕಿರಣ ಹಾಯಿಸಿ ಪಡೆದ ಅಭಿಸಾರಿಕಾ ಕೂಡ ಪಟ್ಟೆಯದ್ದೇ. ಆದರೆ ಅದು ಹೈಬ್ರಿಡ್ ಟೀ, ಅಂದರೆ ಸಾಮಾನ್ಯವಾಗಿ ಕಡ್ಡಿಗೊಂದು ದೊಡ್ಡ ಹೂ ಬಿಡುವ ಗುಂಪಿನದು, ಗೊಂಚಲಿನ ಜಾತಿಯಲ್ಲ. ಸಿದ್ದಾಪುರದ ನರ್ಸರಿಗಳಲ್ಲಿ ಬಹಳ ಕಡೆ ಹೆಸರಿನ ಚೀಟಿಯೇ ಇರುವುದಿಲ್ಲ. ಹಾಗಿದ್ದಾಗ ಹೂ ಬಿಟ್ಟಿರುವ ಗಿಡವನ್ನೇ ಆರಿಸಿ, ಒಂದು ಹೂವಿಗಿಂತ ಎರಡು ಮೂರು ಕೊಂಬೆಗಳಲ್ಲಿ ಪಟ್ಟೆ ಇದೆಯಾ ನೋಡಿ, ಕಸಿ ಗಂಟು ಗಟ್ಟಿಯಾಗಿದೆಯಾ ಮುಟ್ಟಿ ನೋಡಿ.

ಆನ್‌ಲೈನ್‌ನಲ್ಲಿ ಮಾರುವ "ಪಟ್ಟೆ ಗುಲಾಬಿ ಬೀಜ"ಕ್ಕೆ ಮಾತ್ರ ದಯವಿಟ್ಟು ದುಡ್ಡು ಹಾಕಬೇಡಿ. ಗುಲಾಬಿ ಬೀಜದಿಂದ ತಾಯಿಗಿಡದಂಥದ್ದೇ ಗಿಡ ಬರುವುದಿಲ್ಲ. ಈ ಪಟ್ಟೆ ಬೇಕಾದರೆ ಕಣ್ಣು ಕಸಿಯ ಗಿಡ ತರಬೇಕು, ಇಲ್ಲ ಪಟ್ಟೆ ಹೂ ಬಿಟ್ಟ ಕೊಂಬೆಯದೇ ಕಡ್ಡಿ ನೆಟ್ಟು ಬೇರು ಬರಿಸಬೇಕು.